ನಾಲ್ಕು ರೇನ್‌ಕೋಟ್ ಹಾಳು ಮಾಡಿಕೊಂಡ ಮೇಲೆ

ಬಚ್ಚಲ ಒಲೆ ಮೇಲಿನ ಗಳಕ್ಕೆ ಒದ್ದೆ ಕೋಟು ನೇತುಹಾಕಿ ಊಟಕ್ಕೆ ಕೂತಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಕಮಟು ವಾಸನೆ. ಹೋಗಿ ನೋಡಿದರೆ ಬಲಗಡೆ ತೋಳು ಮುದುಡಿ ಒಂದಕ್ಕೊಂದು ಅಂಟಿಕೊಂಡಿದೆ, ಕೈ ತೂರಿಸಲು ಜಾಗವೇ ಇಲ್ಲ. ತಂದು ಎರಡೇ ವಾರ ಆಗಿತ್ತು. ಕಂಬಳಿ ಒಣಗಿಸುವ ಗಳಕ್ಕೇ ಪ್ಲಾಸ್ಟಿಕ್ಕನ್ನೂ ಹಾಕಿದ್ದು ನಾನೇ, ಯಾರನ್ನು ಬೈಯೋದು?

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಜೊತೆಗೆ ಸ್ವಲ್ಪ ಗದ್ದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಆರಿದ್ರಾ ಹಿಡಿಯಿತು ಅಂದರೆ ಆಶ್ಲೇಷ ಮುಗಿಯುವ ತನಕ ಮೈ ಒಣಗಿದ ದಿನ ಕಡಿಮೆ. ಮಳೆ ಬಿಟ್ಟ ಮೇಲೆ ಕೆಲಸ ಮಾಡೋಣ ಅಂತ ಕೂತರೆ ಅತ್ತ ಬಸಿಗಾಲುವೆ ಕಟ್ಟಿಕೊಂಡು ತೋಟದಲ್ಲಿ ನೀರು ನಿಲ್ಲುತ್ತದೆ.

ಅಪ್ಪ ಕೊನೆಯವರೆಗೂ ತಲೆಯಿಂದ ಬೆನ್ನಿಗೆ ಇಳಿಬಿಡುವ ಕಂಬಳಿ ಕೊಪ್ಪೆ ಬಿಡಲಿಲ್ಲ. ಹುಣಸೆ ಬೀಜದ ಗಂಜಿ ಕೊಟ್ಟು ಗಟ್ಟಿ ಮಾಡಿದ ಕರಿ ಕಂಬಳಿ ಅದು. ಹನಿ ಮಳೆಗೆ ನೀರು ಮೇಲೇ ಜಾರುತ್ತದೆ, ನೆನೆದರೂ ಮೈ ಬೆಚ್ಚಗಿರುತ್ತದೆ. ಆದರೆ ಜಡಿಮಳೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಗಲ ಮೇಲೆ ಒಂದು ಮಗು ಕೂತ ಹಾಗೆ ಭಾರ. ಗದ್ದೆ ನಾಟಿಗೆ ಬರುವವರದ್ದು ಬೇರೆ ಲೆಕ್ಕ. ಬಗ್ಗಿ ಮಾಡುವ ಕೆಲಸಕ್ಕೆ ಬೆನ್ನು ಮುಚ್ಚಬೇಕು, ಕೈ ಬಿಡುವಾಗಿರಬೇಕು. ಹಿಂದೆ ಬಿದಿರು, ಎಲೆಯಿಂದ ಹೆಣೆದ ಗೊರಬು ಇತ್ತು, ಈಗ ಪ್ಲಾಸ್ಟಿಕ್ ಕೊಪ್ಪೆ. ನಾನು ಒಮ್ಮೆ ಎಲ್ಲರಿಗೂ ಹೊಸ ರೇನ್‌ಕೋಟ್ ತಂದುಕೊಟ್ಟೆ. ಎರಡನೇ ದಿನ ಎಲ್ಲ ಗದ್ದೆ ಬದುವಿನ ಮೇಲಿದ್ದವು. "ಅಣ್ಣಾ, ಇದ್ರೊಳಗೆ ಬೆಂದು ಹೋಗ್ತೀವಿ, ನಮ್ ಕೊಪ್ಪೆನೇ ಸಾಕು" ಅಂದರು. ಅವರು ಹೇಳಿದ್ದು ಸರಿಯೇ.

ತೋಟದ ಕೆಲಸಕ್ಕೆ ಕೊಪ್ಪೆ ಆಗುವುದಿಲ್ಲ. ಅಲ್ಲಿ ಕೈ ಮೇಲಕ್ಕೆ ಹೋಗುತ್ತದೆ. ಅಡಿಕೆ ಕಾಯಿಯ ಕೊಳೆ ರೋಗದ ಔಷಧಿಯನ್ನು ನಾವು ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು, ಹಿಡಿದು ನೆಲದಿಂದಲೇ ಹೊಡೆಯುತ್ತೇವೆ. ಮಳೆ ಹೊಳವಾದಾಗಲೇ ಹೊಡೆಯುವುದು, ಆದರೂ ಮರದ ಹನಿ ನಿಲ್ಲುವುದಿಲ್ಲ. ದೋಟಿ ಎತ್ತಿ ಹಿಡಿದಾಗ ನೀರು ಮುಂಗೈಯಿಂದ ಇಳಿದು ತೋಳಿನೊಳಗೆ ಸೇರಿ, ಕಂಕುಳ ದಾಟಿ ಸೊಂಟಕ್ಕೆ ಬರುತ್ತದೆ. ಕೋಟು ಎಷ್ಟೇ ದುಬಾರಿಯದ್ದಾಗಿರಲಿ, ತೋಳಿನ ಬಾಯಿ ಸಡಿಲ ಇದ್ದರೆ ಮುಗಿಯಿತು. ಅದಕ್ಕೆ ಅಂಗಡಿಯಲ್ಲಿ ನಾನು ಮೊದಲು ನೋಡುವುದು ತೋಳಿನ ಒಳಗೆ ಇನ್ನೊಂದು ಎಲಾಸ್ಟಿಕ್ ಪಟ್ಟಿ ಇದೆಯಾ ಅಂತ. ಆಮೇಲೆ ಅಲ್ಲೇ ನಿಂತು ಎರಡೂ ಕೈ ಮೇಲೆತ್ತುತ್ತೇನೆ. ಕೋಟು ಸೊಂಟದಿಂದ ಮೇಲೆ ಸರಿದರೆ ಒಂದು ಸೈಜ್ ದೊಡ್ಡದು ಬೇಕು. ಅಂಗಡಿಯವರು ನಗುತ್ತಾರೆ, ನಗಲಿ.

ಮುಖ್ಯವಾದದ್ದು ಹೊಲಿಗೆ. ಬಟ್ಟೆ ಸೋರುವುದು ಕಡಿಮೆ, ಸೂಜಿ ತೂತು ಸೋರುತ್ತದೆ. ಒಳಗಿನಿಂದ ತಿರುಗಿಸಿ ನೋಡಿದರೆ ಹೊಲಿಗೆ ಉದ್ದಕ್ಕೂ ಒಂದು ಬೆರಳಗಲದ ಟೇಪ್ ಅಂಟಿಸಿರಬೇಕು. ಕಂಕುಳು ಮತ್ತು ಪ್ಯಾಂಟಿನ ಎರಡು ಕಾಲು ಕೂಡುವ ಕಡೆ ನಾಲ್ಕು ಹೊಲಿಗೆ ಸೇರುತ್ತವಲ್ಲ, ಅಲ್ಲಿ ಉಗುರಿನಿಂದ ಟೇಪ್ ತುದಿ ಕೆರೆದು ನೋಡಿ. ಅಷ್ಟಕ್ಕೇ ಎದ್ದು ಬಂದರೆ ಆ ಕೋಟು ಒಂದು ಮಳೆಗಾಲಕ್ಕೂ ಸಾಲುವುದಿಲ್ಲ. ಮನೆಗೆ ತಂದ ಮೇಲೆ ಇನ್ನೊಂದು ಪರೀಕ್ಷೆ. ಪ್ಯಾಂಟಿನ ಎರಡೂ ಕಾಲು ಹುರಿಯಿಂದ ಕಟ್ಟಿ, ಒಳಗೆ ಅರ್ಧ ಕೊಡ ನೀರು ಸುರಿದು, ಜಗಲಿ ಕಂಬಕ್ಕೆ ನೇತುಹಾಕುತ್ತೇನೆ. ಕಾಫಿ ಕುಡಿದು ಬಂದು ನೋಡಿದರೆ ಎಲ್ಲಿ ಹನಿ ಮೂಡಿದೆಯೋ ಅಲ್ಲೇ ಮುಂದೆ ಸೋರುವುದು. ಬಿಲ್ ಜೋಪಾನವಾಗಿ ಇಟ್ಟುಕೊಂಡಿದ್ದರೆ ಒಳ್ಳೆಯದು, ಅಲ್ವಾ?

ಚೀಟಿಯ ಮೇಲೆ 3,000, 5,000 ಮಿಲಿಮೀಟರ್ ಅಂತ ಬರೆದಿರುತ್ತದೆ. ಅದು ಮಳೆ ಅಳತೆ ಅಂದುಕೊಂಡು ನಾನು ಖುಷಿಪಟ್ಟಿದ್ದೆ! ಬಟ್ಟೆ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಇಳಿಯುವುದಿಲ್ಲ ಅಂತ ಅದರ ಅರ್ಥ. 5,000 ಅಂದರೆ ಐದು ಮೀಟರ್. ಸುಮ್ನೆ ನಿಂತವನಿಗೆ ಕಡಿಮೆ ಇದ್ದರೂ ನಡೆಯುತ್ತದೆ. ಆದರೆ ಬೆನ್ನಿಗೆ 16 ಲೀಟರಿನ ಪಂಪ್ ಹೊತ್ತಾಗ ಪಟ್ಟಿ ಒತ್ತುವ ಹೆಗಲಲ್ಲೇ ನೀರು ಒಳಗೆ ಬರುತ್ತದೆ. ಹಾಗಾಗಿ ಹೆಗಲಿಗೆ ಎರಡು ಪದರ ಇರುವುದನ್ನೇ ಹುಡುಕಬೇಕು.

ಬೆವರು ಹೊರಗೆ ಬಿಡುವ ಕೋಟು ಅಂತ ಬೆಂಗಳೂರಿನಿಂದ ತಮ್ಮ ಒಂದು ತಂದುಕೊಟ್ಟ. ಚಾರಣದವರು ಹಾಕುವುದು, ಹಗುರ, ಚಂದ. ನಮ್ಮ ತೋಟದಲ್ಲಿ ಅದು ಸೋತಿತು. ಬೆವರಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಸ್ವಲ್ಪವಾದರೂ ಒಣಗಿರಬೇಕು. ಜುಲೈ ತಿಂಗಳಲ್ಲಿ ಇಲ್ಲಿನ ಗಾಳಿಯೇ ಹಿಂಡಿದರೆ ನೀರು ಬರುವ ಹಾಗಿರುತ್ತದೆ. ಅದಕ್ಕಿಂತ ಬೆನ್ನಿನಲ್ಲಿ ಮಡಿಕೆ ಕೆಳಗೆ ಜಾಲರಿ ಕಿಂಡಿ ಇರುವ ಸಾದಾ ಕೋಟೇ ವಾಸಿ. ಒಳಗೆ ಹತ್ತಿ ಅಂಗಿ ಬೇಡ, ಬೇಗ ಒಣಗುವ ಟೀ ಶರ್ಟ್ ಸಾಕು.

ಈಗ ಹಾಕುತ್ತಿರುವುದು ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಲೇಪಿಸಿದ ದಪ್ಪ ಜೋಡಿ. ಕೋಟು ಸೊಂಟದಿಂದ ಒಂದು ಗೇಣು ಕೆಳಗೆ, ಅಷ್ಟೇ. ಮೊಣಕಾಲು ದಾಟುವ ಉದ್ದ ಕೋಟು ಬೈಕಿಗೆ ಸರಿ, ಬಸಿಗಾಲುವೆ ದಾಟುವಾಗ ಕಾಲಿಗೆ ತೊಡರಿ ಬೀಳಿಸುತ್ತದೆ. ಪ್ಯಾಂಟು ಗಂಬೂಟಿನ ಮೇಲೆ ಬರಬೇಕು, ಒಳಗೆ ತುರುಕಿದರೆ ಬೂಟೇ ಬಾವಿ. ಇಂಬಳ (ಜಿಗಣೆ) ಎರಡರಲ್ಲೂ ಹತ್ತುತ್ತದೆ, ಅದಕ್ಕೆ ಹೊಗೆಸೊಪ್ಪೇ ಗತಿ. ಕೋಟಿನ ಟೊಪ್ಪಿಯ ಕೆಳಗೆ ಒಂದು ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡರೆ ಮೇಲೆ ನೋಡುವಾಗ ಕೋಟಿನ ಟೊಪ್ಪಿ ಕಣ್ಣಿಗೆ ಇಳಿಯುವುದಿಲ್ಲ.

ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ವಿಷಯ ಯಾರೂ ಹೇಳುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ನನ್ನ ಎರಡನೇ ಕೋಟಿನ ಗುಂಡಿಗಳು ಒಂದೊಂದಾಗಿ ತುಕ್ಕು ಹಿಡಿದು ಉದುರಿದವು, ಮೂರನೆಯದರ ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡಿತು. ಈಗ ಪ್ಲಾಸ್ಟಿಕ್ ಗುಂಡಿ, ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ಪು, ಅದರ ಮೇಲೆ ಮುಚ್ಚುವ ಪಟ್ಟಿ. ಸಂಜೆ ಬಂದ ಕೂಡಲೇ ಹಾಕಿಕೊಂಡ ಹಾಗೇ ನಿಂತು ಮೈಮೇಲೆ ನಾಲ್ಕು ಚೊಂಬು ನೀರು ಸುರಿದುಕೊಳ್ಳುತ್ತೇನೆ.

ನಾಲ್ಕನೆಯದು ಹಾಳಾದದ್ದು ಪೆಟ್ಟಿಗೆಯಲ್ಲಿ. ದೀಪಾವಳಿ ಹೊತ್ತಿಗೆ ಮಡಚಿ ಇಟ್ಟವನು ಮುಂದಿನ ಜೂನ್‌ನಲ್ಲಿ ಬಿಚ್ಚಿದರೆ ಒಳಗಿನ ಲೇಪನ ಅಂಟಂಟಾಗಿ ಸಿಪ್ಪೆ ಏಳುತ್ತಿತ್ತು. ಈಗಿನದನ್ನು ಮಡಚುವುದೇ ಇಲ್ಲ. ನೆರಳಲ್ಲಿ ಪೂರ್ತಿ ಒಣಗಿಸಿ, ಪತ್ತಾಯದ (ಭತ್ತದ ಕಣಜದ) ಕೋಣೆಯ ಗೂಟಕ್ಕೆ ನೇತುಹಾಕುತ್ತೇನೆ. ಕಳೆದ ವರ್ಷ ಮೊಣಕೈ ಹತ್ತಿರ ಮುಳ್ಳು ಹರಿದಾಗ, ಒಲೆ ಶಾಖಕ್ಕೆ ಮುದುಡಿದ ಹಳೇ ಕೋಟಿನ ತುಂಡು ಕತ್ತರಿಸಿ, ನೀರಿನ ಪೈಪಿಗೆ ಹಚ್ಚುವ ಸೊಲ್ಯೂಷನ್ ಹಾಕಿ ಅಂಟಿಸಿದೆ. ಆ ಜಾಗ ಹಪ್ಪಳದ ಹಾಗೆ ಗಟ್ಟಿಯಾಗಿದೆ, ಆದರೆ ಈ ಮಳೆಗಾಲ ಇನ್ನೂ ಸೋರಿಲ್ಲ.