ಗೊಬ್ಬರದ ಮಾದರಿ ತೆಗೆಯುವ ನನ್ನ ಕ್ರಮ

ಪ್ರಯೋಗಾಲಯದಲ್ಲಿ ಪರೀಕ್ಷೆಗೆಂದು ತೂಗಿಕೊಳ್ಳುವ ಗೊಬ್ಬರ ಕೆಲವೇ ಗ್ರಾಂ. ಅದು ಪ್ರತಿನಿಧಿಸಬೇಕಾದದ್ದು ಹಲವು ಟನ್ ತೂಗುವ ತಿಪ್ಪೆಯನ್ನು. ವರದಿಯ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಬಹುಪಾಲು ತಿಪ್ಪೆಯ ಬುಡದಲ್ಲಿಯೇ ತೀರ್ಮಾನವಾಗುವುದರಿಂದ, ಈ ಕೆಲಸವನ್ನು ನಾನು ಯಾರಿಗೂ ವಹಿಸದೆ ಸ್ವತಃ ಮಾಡುತ್ತೇನೆ.

ದನದ ಕೊಟ್ಟಿಗೆಯ ಗೊಬ್ಬರ, ಕುರಿಹಿಕ್ಕೆ, ಕೋಳಿ ಗೊಬ್ಬರ ಇವುಗಳನ್ನು ಒಂದೇ ಮಾದರಿಯಲ್ಲಿ ಬೆರೆಸುವುದಿಲ್ಲ. ಹಾಸಿಗೆಯಾಗಿ ಹೆಚ್ಚು ಹುಲ್ಲು ಬಿದ್ದಿರುವ ರಾಶಿಯನ್ನೂ ಬಹುಕಾಲ ಮಳೆಗೆ ನೆನೆದ ರಾಶಿಯನ್ನೂ ಪ್ರತ್ಯೇಕವಾಗಿಯೇ ಪರಿಗಣಿಸುತ್ತೇನೆ, ಏಕೆಂದರೆ ನೀರಿನಲ್ಲಿ ಸುಲಭವಾಗಿ ಕರಗುವ ಪೊಟ್ಯಾಷ್ ಮಳೆಯೊಡನೆ ಬಸಿದುಹೋಗಿರುತ್ತದೆ.

ರಾಶಿಯ ಹೊರಮೈ ಒಣಗಿ, ಅಲ್ಲಿನ ಅಮೋನಿಯಾ ಗಾಳಿಗೆ ಹಾರಿರುತ್ತದೆ. ಒಳಭಾಗ ಹಸಿಯಾಗಿ, ಬಿಸಿಯಾಗಿ ಬೇರೆಯದೇ ಸ್ಥಿತಿಯಲ್ಲಿರುತ್ತದೆ. ಹೀಗಾಗಿ ಮೇಲಿನ ಪದರವನ್ನು ಸರಿಸಿ, ರಾಶಿಯ ಸುತ್ತಲೂ ಬೇರೆ ಬೇರೆ ಎತ್ತರಗಳಲ್ಲಿ ಸುಮಾರು ಒಂದೂವರೆ ಅಡಿ ಒಳಗಿನಿಂದ, ಹದಿನೈದು ಇಪ್ಪತ್ತು ಕಡೆ ಒಂದೊಂದು ಹಿಡಿಯಷ್ಟು ತೆಗೆದು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕುತ್ತೇನೆ. ಸತು ಲೇಪಿಸಿದ ತಗಡಿನ ಬಕೆಟ್ ಬಳಸಿದರೆ ಸತುವಿನ ಅಂಕಿ ಕೆಡಬಹುದು. ರಾಶಿಯನ್ನು ಹೊಲಕ್ಕೆ ಸಾಗಿಸುವ ಹೊತ್ತಿನಲ್ಲಿ ಗಾಡಿ ತುಂಬುವಾಗಲೇ ಒಂದೊಂದು ಹಿಡಿ ಎತ್ತಿಟ್ಟುಕೊಳ್ಳುವುದು ಇದಕ್ಕಿಂತ ಉತ್ತಮ, ಏಕೆಂದರೆ ಆಗ ರಾಶಿಯ ನಡುಭಾಗವೂ ಕೈಗೆ ಸಿಗುತ್ತದೆ. ಆದರೆ ವರದಿ ಬರುವಷ್ಟರಲ್ಲಿ ಗೊಬ್ಬರ ಮಣ್ಣು ಸೇರಿರುವುದರಿಂದ, ಆ ಅಂಕಿಗಳು ಮೇಲುಗೊಬ್ಬರದ ಲೆಕ್ಕಕ್ಕೂ ಮುಂದಿನ ವರ್ಷಕ್ಕೂ ಮಾತ್ರ ಒದಗುತ್ತವೆ.

ಕೂಡಿಸಿದ್ದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು, ಹೆಂಟೆ ಒಡೆದು, ಚೆನ್ನಾಗಿ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಳ್ಳುವ ಕ್ರಮ ಮಣ್ಣಿನ ಮಾದರಿಯದೇ. ಮುಂದಿನ ಹೆಜ್ಜೆ ಮಾತ್ರ ಅದಕ್ಕೆ ತೀರ ವಿರುದ್ಧ. ಮಣ್ಣನ್ನು ನೆರಳಿನಲ್ಲಿ ಒಣಗಿಸಿ ಕಳಿಸುತ್ತೇವೆ. ಗೊಬ್ಬರವನ್ನು ಒಣಗಿಸಿದರೆ ಅಮೋನಿಯಾ ರೂಪದ ಸಾರಜನಕ ಕಳೆದುಹೋಗುತ್ತದೆ, ಜೊತೆಗೆ ನಿಜವಾದ ತೇವಾಂಶವೂ ತಿಳಿಯುವುದಿಲ್ಲ. ಆದ್ದರಿಂದ ಹಸಿಯಾಗಿಯೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಇನ್ನೊಂದು ಚೀಲದೊಳಗಿಟ್ಟು ಕೂಡಲೇ ತಂಪಿನಲ್ಲಿಡುತ್ತೇನೆ. ಒಂದೆರಡು ದಿನ ತಡವಾಗುವಂತಿದ್ದರೆ ಹೆಪ್ಪುಗಟ್ಟಿಸುತ್ತೇನೆ. ವಾರದ ಕೊನೆಯಲ್ಲಿ ಕಳಿಸಿದ ಪೊಟ್ಟಣ ರಜೆಯ ದಿನವಿಡೀ ಬೆಚ್ಚಗೆ ಕೊಳೆಯುತ್ತ ಬಿದ್ದಿರುವ ಸಂಭವವಿರುವುದರಿಂದ, ವಾರದ ಆರಂಭದಲ್ಲಿಯೇ ರವಾನಿಸುತ್ತೇನೆ.

ಸಗಣಿ, ಗಂಜಲ, ನೀರು ಬೆರೆತ ದ್ರವಗೊಬ್ಬರವಾದ ಸ್ಲರಿಯ ಕಷ್ಟ ಬೇರೆ. ರಂಜಕದ ಹೆಚ್ಚಿನ ಪಾಲು ತಳದ ಗಸಿಯೊಡನೆ ಇರುತ್ತದೆ. ಮೇಲಿನ ತಿಳಿಯಷ್ಟನ್ನೇ ಮೊಗೆದರೆ ಗುಂಡಿ ಬಡವಾಗಿ ಕಾಣುತ್ತದೆ. ಪೂರ್ತಿ ಕಲಕಿದ ನಂತರವೇ ಹಲವು ಕಡೆ ಮೊಗೆದು, ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ಮೀರದಂತೆ ತುಂಬುತ್ತೇನೆ, ಏಕೆಂದರೆ ಒಳಗೆ ಹುಟ್ಟುವ ಅನಿಲಕ್ಕೆ ಜಾಗ ಬೇಕು. ಗಾಜಿನ ಬಾಟಲಿಯಂತೂ ಒಡೆಯಬಹುದು. ಕಲಕುವಾಗ ಏಳುವ ಹೈಡ್ರೋಜನ್ ಸಲ್ಫೈಡ್ ಪ್ರಾಣಾಂತಕ ಅನಿಲ. ಮುಚ್ಚಿದ ಗುಂಡಿಯೊಳಗೆ ಇಳಿಯುವ, ತಲೆಬಗ್ಗಿಸಿ ನೋಡುವ ಮಾತೇ ಇಲ್ಲ.

ವರದಿ ಬಂದಾಗ ಮೊದಲು ನೋಡುವುದು ಅಂಕಿಗಳು ಒಣ ತೂಕದ ಮೇಲಿವೆಯೋ ಹಸಿ ತೂಕದ ಮೇಲಿವೆಯೋ ಎಂಬುದನ್ನು. ಒಣ ತೂಕದಲ್ಲಿ ಸಾರಜನಕ ಶೇ 2 ಇದ್ದು, ತೇವಾಂಶ ಶೇ 70 ಇದ್ದರೆ, ಹೊಲಕ್ಕೆ ಹೋಗುವ ಹಸಿ ಗೊಬ್ಬರದ ಒಂದು ಟನ್ನಿನಲ್ಲಿ ಇರುವುದು 20 ಕಿಲೋ ಅಲ್ಲ, 6 ಕಿಲೋ. ಅದರಲ್ಲಿಯೂ ಸಾವಯವ ರೂಪದ ಪಾಲು ಮೊದಲ ಬೆಳೆಗೆ ಪೂರ್ತಿ ದಕ್ಕುವುದಿಲ್ಲ. ರಸಗೊಬ್ಬರದ ಚೀಲದ ಮೇಲೆ ರಂಜಕ, ಪೊಟ್ಯಾಸಿಯಂಗಳನ್ನು ಆಕ್ಸೈಡ್ ರೂಪದಲ್ಲಿ (P2O5, K2O) ತೋರಿಸುವುದರಿಂದ, ವರದಿಯಲ್ಲಿ ಅವು ಮೂಲಧಾತುವಾಗಿದ್ದರೆ ರಂಜಕವನ್ನು 2.29ರಿಂದ, ಪೊಟ್ಯಾಸಿಯಂ ಅನ್ನು 1.2ರಿಂದ ಗುಣಿಸಿದ ಮೇಲಷ್ಟೇ ಚೀಲದ ಅಂಕಿಯೊಡನೆ ಹೋಲಿಸುತ್ತೇನೆ.