ಮರುಭೂಮಿಯಿಂದ ಪೈನ್ ಕಾಡಿಗೆ: ಮೌಂಟ್ ಲೆಮನ್ ಹತ್ತುವ ಮುನ್ನ

ವಿಜಯಪುರದ ಏಪ್ರಿಲ್ ಬಿಸಿಲು ಉಂಡು ಬೆಳೆದವರನ್ನೂ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರು ಜೂನ್ ತಿಂಗಳಲ್ಲಿ ಹೈರಾಣು ಮಾಡುತ್ತದೆ. ಒಂದು ದಿನದ ಮಟ್ಟಿಗೆ ತಂಪಿಗೆ ಓಡಬೇಕೆಂದರೆ ಊರಿನ ಅಂಚಿನಿಂದ ಹೊರಡುವ ಕೆಟಲೀನಾ ಹೆದ್ದಾರಿ ಇದೆ. ಊರು ಸುಮಾರು 730 ಮೀಟರ್ ಎತ್ತರದಲ್ಲಿದ್ದರೆ ಮೌಂಟ್ ಲೆಮನ್ ಶಿಖರ 2,790 ಮೀಟರ್. ನಡುವೆ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಿರುವು ದಾರಿ. ಮೇಲೆ ಹೋದಾಗ ಬಿಸಿಲು ಹದಿನೈದು ಡಿಗ್ರಿಯಷ್ಟು ಇಳಿದಿರುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದವರು ದಾರಿ ಕೇಳುತ್ತಾರೆ. ದಾರಿಯನ್ನು ಮೊಬೈಲ್ ತೋರಿಸುತ್ತದೆ, ಕಾಯಿದೆಯನ್ನು ತೋರಿಸುವುದಿಲ್ಲ.

ನಮ್ಮ ಕಡೆ ನಾಕಾದಲ್ಲಿ ಯಾರಾದರೂ ಕೈ ಅಡ್ಡ ಹಿಡಿದು ರಸೀದಿ ಹರಿದು ಕೊಡುತ್ತಾರೆ. ಇಲ್ಲಿ ತಡೆಯುವವರಿಲ್ಲ, ಹಾಗೆಂದು ಎಲ್ಲವೂ ಪುಕ್ಕಟೆ ಎಂದುಕೊಳ್ಳಬೇಡಿ. ಈ ಬೆಟ್ಟ ಕೊರೊನಾಡೊ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ್ದು. ರಸ್ತೆಯಲ್ಲಿ ಹೋಗಿ ಬರಲು ದುಡ್ಡು ಬೇಡ. ಶುಲ್ಕದ ಫಲಕ ಇರುವ ತಾಣದಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದರೆ ಕಟ್ಟಬೇಕು. ಪೆಟ್ಟಿಗೆಯಿಂದ ಲಕೋಟೆ ತೆಗೆದು ಗಾಡಿ ನಂಬರು, ದಿನಾಂಕ ಬರೆದು, ನೋಟು ಹಾಕಿ ಕಬ್ಬಿಣದ ಕೊಳವೆಯೊಳಗೆ ಬಿಡಿ. ಲಕೋಟೆಯಿಂದ ಹರಿದ ಚೀಟಿ ಮುಂಗಾಜಿನ ಒಳಗೆ, ಹೊರಗಿನವರಿಗೆ ಕಾಣುವಂತೆ ಇರಲಿ. ಚಿಲ್ಲರೆ ಕೊಡುವವರು ಯಾರೂ ಇಲ್ಲ, ಆದ್ದರಿಂದ ಸಣ್ಣ ನೋಟು ಒಯ್ಯಿರಿ. ಹತ್ತಿರದ ಸವಾರೊ ರಾಷ್ಟ್ರೀಯ ಉದ್ಯಾನ ಬೇರೆ ಇಲಾಖೆಯದು, ಅಲ್ಲಿ ಪ್ರವೇಶಕ್ಕೇ ಶುಲ್ಕ. ಅಮೆರಿಕದ ನಿವಾಸಿಗಳಿಗೆ 80 ಡಾಲರಿಗೆ ಸಿಗುವ ವಾರ್ಷಿಕ ಪಾಸು ಎರಡು ಇಲಾಖೆಗಳಲ್ಲೂ ನಡೆಯುತ್ತದೆ.

ಪೆಟ್ರೋಲನ್ನು ಕೆಳಗೇ ತುಂಬಿಸಿಕೊಳ್ಳಿ. ಎಂಟು ವರ್ಷದೊಳಗಿನ ಮಕ್ಕಳಿಗೆ, ಅವರು ನಾಲ್ಕು ಅಡಿ ಒಂಬತ್ತು ಇಂಚಿಗಿಂತ ಎತ್ತರವಿಲ್ಲದಿದ್ದರೆ, ಗಾಡಿಯಲ್ಲಿ ಮಕ್ಕಳಿಗೆಂದೇ ಮಾಡಿದ ಆಸನ ಕಡ್ಡಾಯ. ಊರಿನಿಂದ ಬಂದ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆಂದು ಹಟ ಹಿಡಿಯುವುದು ಖಚಿತ. ಮೊದಲೇ ತಿಳಿಸಿ ಹೇಳಿ.

ದಾರಿ ಒಂದೊಂದೇ ಸಾಲಿನದು. ನಿಧಾನಕ್ಕೆ ಹೋಗುವ ನಿಮ್ಮ ಹಿಂದೆ ಐದು ಗಾಡಿಗಳು ಸಾಲುಗಟ್ಟಿದರೆ, ಬದಿಗೆ ಸರಿಯಲು ಬಿಟ್ಟಿರುವ ಜಾಗದಲ್ಲಿ ಸರಿದು ಅವರನ್ನು ಬಿಡಬೇಕೆಂಬುದು ಅರಿಜೋನಾದ ಕಾನೂನು. ಸೈಕಲ್ ಸವಾರರನ್ನು ದಾಟುವಾಗ ಕನಿಷ್ಠ ಮೂರು ಅಡಿ ಅಂತರ ಬಿಡಬೇಕು. ಚೋರ್ಲಾ ಘಾಟಿನಲ್ಲಿ ಹೊಡೆದಂತೆ ತಿರುವು ತಿರುವಿಗೂ ಹಾರ್ನ್ ಹೊಡೆದರೆ ಇಲ್ಲಿ ಬೈದಂತೆ. ಪೊಲೀಸ್ ದೀಪ ಹಿಂದೆ ಮಿನುಗಿದರೆ ಬಲಕ್ಕೆ ನಿಲ್ಲಿಸಿ, ಕೈಗಳನ್ನು ಸ್ಟೀರಿಂಗ್ ಮೇಲೆ ಇಟ್ಟು ಒಳಗೇ ಕುಳಿತಿರಿ. ಇಳಿದು ಹೋಗಿ "ಸಾಹೇಬರೇ" ಎನ್ನುವ ನಮ್ಮ ವಿನಯ ಇಲ್ಲಿ ಅಪಾಯಕಾರಿ.

ಮೊದಲ ಮೈಲಿಗಳಲ್ಲಿ ಕೈ ಎತ್ತಿ ನಿಂತ ಸವಾರೊ ಕಳ್ಳಿಗಳು. ಆಮೇಲೆ ಓಕ್, ಆಮೇಲೆ ಪಾಂಡೆರೋಸಾ ಪೈನ್, ತುದಿಯಲ್ಲಿ ಫರ್ ಮತ್ತು ಆಸ್ಪೆನ್. ಹದಿನಾಲ್ಕನೆಯ ಮೈಲಿಯ ವಿಂಡಿ ಪಾಯಿಂಟ್‌ಗೆ ಬರುವ ಹೊತ್ತಿಗೆ ಚಿಪ್ಸ್ ಪೊಟ್ಟಣ ಉಬ್ಬಿ ದಿಂಬಾಗಿರುತ್ತದೆ. ಖಡಕ್ ರೊಟ್ಟಿಗೆ, ಶೇಂಗಾ ಚಟ್ನಿಗೆ ಎತ್ತರದ ಗೊಡವೆಯಿಲ್ಲ.

ಅದಕ್ಕೂ ಮೊದಲು, ಏಳನೆಯ ಮೈಲಿಯ ಬಳಿ, ಅವಸರವಿದ್ದರೂ ಇಳಿಯಿರಿ. 1933ರಿಂದ 1950ರವರೆಗೆ ಈ ರಸ್ತೆಯನ್ನು ಕಡಿದವರು ಕೈದಿಗಳು. ಅವರ ಶಿಬಿರವಿದ್ದ ಜಾಗ ಇದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರ ಮೇಲೆ ಹೇರಿದ ಕರ್ಫ್ಯೂವನ್ನು ಒಪ್ಪದ ವಿದ್ಯಾರ್ಥಿ ಗಾರ್ಡನ್ ಹಿರಾಬಯಾಶಿ ಇಲ್ಲಿ ಶಿಕ್ಷೆ ಅನುಭವಿಸಿದ. ಪ್ರಯಾಣದ ಖರ್ಚನ್ನು ಸರಕಾರ ಕೊಡದಿದ್ದಾಗ, ಕಂಡವರ ಗಾಡಿ ಹತ್ತಿ ತಾನೇ ಜೈಲಿಗೆ ಬಂದ! ಆ ಶಿಕ್ಷೆ ರದ್ದಾದದ್ದು 1987ರಲ್ಲಿ. ತಾಣಕ್ಕೆ ಈಗ ಅವನದೇ ಹೆಸರು. ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದ ಹಿಂಡಲಗಾ ಜೈಲಿನ ಕಥೆ ಕೇಳುತ್ತ ಬೆಳೆದ ಬೆಳಗಾವಿಯವರಿಗೆ ಬೇರೆ ವಿವರಣೆ ಬೇಡ.

ಮೇಲಿನ ಸಮ್ಮರ್‌ಹೇವನ್ ಹಳ್ಳಿಯಲ್ಲಿ 2003ರ ಕಾಳ್ಗಿಚ್ಚಿಗೆ ಮುನ್ನೂರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಬೆಂಕಿಯ ನಿಷೇಧ ಜಾರಿಯಲ್ಲಿರುವಾಗ ಚಹಾಕ್ಕೆಂದು ಕಟ್ಟಿಗೆ ಒಟ್ಟಬೇಡಿ, ಫ್ಲಾಸ್ಕಿನಲ್ಲಿ ಒಯ್ಯಿರಿ. ಚಳಿಗಾಲದಲ್ಲಿ ಹಿಮ ಬಿದ್ದರೆ ರಸ್ತೆ ಮುಚ್ಚುವುದೂ ಉಂಟು, ಹೊರಡುವ ಮುನ್ನ ವಿಚಾರಿಸಿ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಇಲ್ಲಿಯೂ ಮಾನ್ಸೂನ್. ನೀರು ಹರಿಯುವ ರಸ್ತೆಗೆ ಅಡ್ಡ ಇಟ್ಟ ತಡೆಯನ್ನು ದಾಟಿ ಸಿಕ್ಕಿಬಿದ್ದರೆ, ಎತ್ತಿ ತಂದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡಲು ಕಾನೂನಿದೆ. ಜನ ಅದನ್ನು ಕರೆಯುವುದೇ "ಮೂರ್ಖ ಚಾಲಕರ ಕಾನೂನು" ಎಂದು.

ಇಳಿಯುವಾಗ ಕೆಳಗಿನ ಗೇರಿನಲ್ಲೇ ಬನ್ನಿ, ಉದ್ದಕ್ಕೂ ಬ್ರೇಕ್ ತುಳಿದರೆ ಕಾದು ಹಿಡಿತ ತಪ್ಪುತ್ತದೆ. ಸ್ವೆಟರನ್ನು ಅರ್ಧ ದಾರಿಯಲ್ಲೇ ಬಿಚ್ಚಬೇಕಾಗುತ್ತದೆ.