ಬೇಡದ ಖರೀದಿ, ಹಸಿವಿಲ್ಲದ ತಿಂಡಿ: ಎರಡನ್ನೂ ಒಟ್ಟಿಗೆ ಹಿಡಿತಕ್ಕೆ ತರುವುದು

ಬೇಡದ್ದನ್ನು ಕೊಳ್ಳುವುದಕ್ಕೂ ಹಸಿವಿಲ್ಲದೆ ತಿನ್ನುವುದಕ್ಕೂ ಹಲವರಲ್ಲಿ ಬೇರು ಒಂದೇ: ಬೇಸರ, ಒತ್ತಡ, ನಿದ್ದೆಗೇಡು. ಆಸೆ ಕೆರಳಿಸುವ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ, ಬಯಸಿದ್ದು ಕೈಸೇರುವ ಮೊದಲೇ, ‘ಸಿಗುತ್ತದೆ’ ಎಂಬ ನಿರೀಕ್ಷೆಯಲ್ಲೇ ಏರುತ್ತದೆ. ಪಾರ್ಸೆಲ್ ಬಿಚ್ಚಿದ ಮೇಲೆ ಖುಷಿ ಬೇಗ ಇಳಿಯುವುದಕ್ಕೆ ಇದೂ ಒಂದು ಕಾರಣವಿರಬಹುದು. ಒಂದನ್ನಷ್ಟೇ ಬಿಗಿಹಿಡಿದರೆ ಇನ್ನೊಂದು ಹೆಚ್ಚಬಹುದು.

ಮೊದಲ ಏಳು ದಿನ ಏನನ್ನೂ ಬಿಡಬೇಡಿ, ಬರೆದಿಟ್ಟರೆ ಸಾಕು: ಗಂಟೆ, ಜಾಗ, ಮನಸ್ಥಿತಿ, ಕೊಂಡದ್ದು ಅಥವಾ ತಿಂದದ್ದು. ‘ರಾತ್ರಿ 11, ಹಾಸಿಗೆ, ಫೋನ್, ಸುಸ್ತು’ ಎಂಬ ಸಾಲು ಮೂರು ಸಲ ಬಂದರೆ ಕೆಲಸ ಅಲ್ಲಿಂದಲೇ ಶುರು. ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ.

ಆಮೇಲೆ ದಾರಿಗೆ ಅಡ್ಡಿ ಇಡಿ. ಆ್ಯಪ್‌ನಲ್ಲಿ ಉಳಿಸಿದ ಕಾರ್ಡ್ ವಿವರ ಅಳಿಸಿ, ಆಫರ್ ನೋಟಿಫಿಕೇಶನ್ ನಿಲ್ಲಿಸಿ, ಕಾರ್ಟ್‌ಗೆ ಹಾಕಿದ್ದನ್ನು 24 ಗಂಟೆ ಹಾಗೇ ಬಿಡಿ. ತಿನ್ನುವ ಆಸೆಗಾದರೆ 15 ನಿಮಿಷ ಕಾಯಿರಿ. ಆಗಲೂ ಹಸಿವಿದ್ದರೆ ತಟ್ಟೆಗೆ ಹಾಕಿಕೊಂಡು ಕೂತು ತಿನ್ನಿ. ಪೊಟ್ಟಣಕ್ಕೇ ಕೈಹಾಕಿದರೆ ಎಷ್ಟಾಯಿತೆಂದು ಕಣ್ಣಿಗೆ ಕಾಣುವುದಿಲ್ಲ.

ಹಲವರು ಎಡವುವುದು ಊಟ ಬಿಡುವುದರಲ್ಲಿ. ಮಧ್ಯಾಹ್ನ ಹೊಟ್ಟೆ ಕಟ್ಟಿದರೆ ಸಂಜೆ ಕೈ ತಡೆಯುವುದು ಕಷ್ಟ. ಹಸಿದುಕೊಂಡು ಅಂಗಡಿಗೂ ಹೋಗಬೇಡಿ.

21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬುದನ್ನು ನಂಬಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದರಲ್ಲಿ ಅದಕ್ಕೆ 18ರಿಂದ 254 ದಿನ ಹಿಡಿದಿತ್ತು. ಒಂದು ದಿನ ತಪ್ಪಿದ್ದು ಅಷ್ಟೇನೂ ಬಾಧಿಸಲಿಲ್ಲ.

ವಾರಕ್ಕೊಮ್ಮೆಯಾದರೂ ಹಿಡಿತ ತಪ್ಪಿ ತಿನ್ನುವುದು ಮೂರು ತಿಂಗಳಿಂದ ನಡೆದಿದ್ದರೆ, ಅಥವಾ ಖರೀದಿಯ ಸಾಲವನ್ನು ಮನೆಯವರಿಂದ ಮುಚ್ಚಿಡುತ್ತಿದ್ದರೆ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬರೆದಿಟ್ಟ ಆ ಹಾಳೆಗಳನ್ನೂ ಜೊತೆಗೆ ಒಯ್ಯಿರಿ.